ಬಾಡಿಗೆ ಆಟಗಾರನ ಬಾಕಿ

ಕೆಲಸ ಬಿಟ್ಟ ಕೊನೆಯ ದಿನ ನನ್ನ ಮ್ಯಾನೇಜರ್ ಒಂದು ಮಾತು ಹೇಳಿದರು. ಸಿಟ್ಟಿನಿಂದೇನಲ್ಲ, ನಗುತ್ತಲೇ. "ನೀನು ಇಂಪೋರ್ಟ್ ಕಣಯ್ಯಾ. ಬಂದೆ, ಆಡಿದೆ, ಹೊರಟೆ."

ಅವರು ಹಿಂದೆ ಒಂದಷ್ಟು ವರ್ಷ ಮನಿಲಾದಲ್ಲಿ ಕೆಲಸ ಮಾಡಿದವರು. ಏನು ಹೇಳಿದರು ಅಂತ ನನಗೆ ಆಗ ಅರ್ಥ ಆಗಲಿಲ್ಲ. ನಾನೂ ನಕ್ಕು, ಲ್ಯಾಪ್‌ಟಾಪ್ ಒಪ್ಪಿಸಿ, ಐಡಿ ಕಾರ್ಡ್ ಕೊಟ್ಟು ಹೊರಗೆ ಬಂದೆ. ಮೆಟ್ರೋದಲ್ಲಿ ಕೂತು ಹುಡುಕಿದಾಗ ಗೊತ್ತಾಯಿತು. ಫಿಲಿಪ್ಪೀನ್ಸ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಅಂದರೆ ನಮ್ಮಲ್ಲಿ ಕ್ರಿಕೆಟ್ ಇದ್ದ ಹಾಗೆ. ಅಲ್ಲಿನ ವೃತ್ತಿಪರ ಲೀಗ್‌ನಲ್ಲಿ ಕೆಲವು ಟೂರ್ನಿಗಳಿಗೆ ತಂಡಗಳು ಒಬ್ಬ ವಿದೇಶಿ ಆಟಗಾರನನ್ನು ಕರೆಸಿಕೊಳ್ಳುತ್ತವೆ. ಹೆಚ್ಚಿನ ಸಲ ಆತ ಅಮೆರಿಕದವನು. ಅವನಿಗೆ ಅಲ್ಲಿ ಎಲ್ಲರೂ ಕರೆಯುವ ಹೆಸರೇ 'ಇಂಪೋರ್ಟ್'. ಬಂದರಿಗೆ ಬಂದಿಳಿದ ಸರಕಿನ ಹಾಗೆ. ಎರಡು ಮೂರು ಪಂದ್ಯ ಸರಿಯಾಗಿ ಆಡಲಿಲ್ಲವೋ, ಅವನನ್ನು ವಾಪಸ್ ಕಳಿಸಿ ಇನ್ನೊಬ್ಬನನ್ನು ತರಿಸುತ್ತಾರೆ.

ಒಂದು ವಿಷಯ ಇಲ್ಲೇ ಹೇಳಿಬಿಡಬೇಕು. ನಾನು ಕೆಲಸ ಬಿಟ್ಟಾಗ ನಮ್ಮ ತಂಡದ ದೊಡ್ಡ ರಿಲೀಸ್‌ಗೆ ಹದಿನೇಳು ದಿನ ಬಾಕಿ ಇತ್ತು. ಹೊಸ ಕಂಪನಿಯವರಿಗೆ ನಾನು ಬೇಗ ಬೇಕಿತ್ತು. ನನ್ನ ನೋಟಿಸ್ ಪೀರಿಯಡ್ ದುಡ್ಡನ್ನು ಅವರೇ ಕಟ್ಟಿದರು. ಎಲ್ಲವೂ ನಿಯಮದ ಪ್ರಕಾರ, ಸಹಿ ಮಾಡಿದ ಕಾಗದದ ಪ್ರಕಾರ. ನನ್ನ ಕೈಯಲ್ಲಿದ್ದ ಕೆಲಸ ಮಾತ್ರ ತಂಡಕ್ಕೆ ಸೇರಿ ಒಂಬತ್ತು ತಿಂಗಳಾಗಿದ್ದ ಒಬ್ಬ ಹುಡುಗಿಯ ತಲೆಗೆ ಹೋಯಿತು. ಅವಳಿಗೆ ವಿವರಿಸಲು ನಾನು ಕೊಟ್ಟದ್ದು ಎರಡು ಮಧ್ಯಾಹ್ನ.

ಹಾಗಾಗಿ 'ಇಂಪೋರ್ಟ್' ಅನ್ನುವ ಮಾತು ಚುಚ್ಚಿತು. ಚುಚ್ಚಿದ್ದನ್ನು ಒಪ್ಪಿಕೊಳ್ಳದೆ ನಾನು ಆ ಇಂಪೋರ್ಟ್‌ಗಳ ಪರವಾಗಿ ವಾದ ಹುಡುಕಲು ಕೂತೆ. ಹೊಸ ಕೆಲಸಕ್ಕೆ ಮೊದಲು ಹತ್ತು ದಿನ ರಜೆ ಇತ್ತಲ್ಲ.

ವಾದ ಬೇಗನೇ ಸಿಕ್ಕಿತು. ಜಸ್ಟಿನ್ ಬ್ರೌನ್ಲಿ ಅಂತ ಒಬ್ಬ ಆಟಗಾರ. ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್ ಎಂಬ ಊರಿನವನು. ಕಾಲೇಜು ಮುಗಿಸಿದಾಗ ಎನ್‌ಬಿಎಯ ಯಾವ ತಂಡವೂ ಅವನನ್ನು ಆರಿಸಲಿಲ್ಲ. 2016ರಲ್ಲಿ ಮನಿಲಾದ ಬರಂಗಾಯ್ ಜಿನೆಬ್ರಾ ತಂಡದ ಇಂಪೋರ್ಟ್ ಒಬ್ಬನಿಗೆ ಗಾಯವಾಗಿ, ಬದಲಿಯಾಗಿ ಈತನನ್ನು ಕರೆಸಿದರು. ಬದಲಿಗೆ ಬಂದವನು, ಅಂದರೆ ಬಾಡಿಗೆಯಲ್ಲೂ ಎರಡನೆಯ ಆಯ್ಕೆ. ಆ ವರ್ಷದ ಫೈನಲ್‌ನಲ್ಲಿ ಕೊನೆಯ ಕ್ಷಣದಲ್ಲಿ ಅವನು ಎಸೆದ ಮೂರು ಅಂಕದ ಚೆಂಡು ಬುಟ್ಟಿಗೆ ಬಿತ್ತು, ತಂಡದ ಎಂಟು ವರ್ಷದ ಬರ ನೀಗಿತು. ಆಮೇಲೆ ಅವನು ಮತ್ತೆ ಮತ್ತೆ ಅದೇ ತಂಡಕ್ಕೆ ಬಂದ. 2023ರ ಜನವರಿಯಲ್ಲಿ ಅವನೊಬ್ಬನಿಗಾಗಿಯೇ ಕಾನೂನು ಮಾಡಿ ಆ ದೇಶ ಅವನಿಗೆ ಪೌರತ್ವ ಕೊಟ್ಟಿತು. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಫಿಲಿಪ್ಪೀನ್ಸ್ ಬ್ಯಾಸ್ಕೆಟ್‌ಬಾಲ್ ಚಿನ್ನ ಗೆದ್ದಿತು. 1962ರ ನಂತರ ಮೊದಲ ಸಲ. ಇಂಪೋರ್ಟ್ ಆಗಿ ಬಂದವನು ರಾಷ್ಟ್ರಗೀತೆಗೆ ಎದೆಯ ಮೇಲೆ ಕೈಯಿಟ್ಟು ನಿಂತ.

ಎಲ್ಲರ ಕಥೆ ಹೀಗಿರಲ್ಲ. ಕೋಬಿ ಬ್ರಯಂಟ್‌ನ ಅಪ್ಪ ಜೋ ಬ್ರಯಂಟ್ ಎನ್‌ಬಿಎ ಮುಗಿಸಿ 1984ರಲ್ಲಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಇಟಲಿಗೆ ಹೋದ. ಏಳು ವರ್ಷದಲ್ಲಿ ನಾಲ್ಕು ಊರಿನ ಕ್ಲಬ್‌ಗಳು. ಮಗ ಇಟಾಲಿಯನ್ ಮಾತಾಡುತ್ತಾ ಬೆಳೆದ. ಬ್ರಿಟ್ನಿ ಗ್ರೈನರ್ ಅಮೆರಿಕದ ಮಹಿಳಾ ಲೀಗ್‌ನ ದೊಡ್ಡ ತಾರೆ. ಆದರೂ ಬಿಡುವಿನ ತಿಂಗಳುಗಳಲ್ಲಿ ರಷ್ಯಾದ ಎಕಟೆರಿನ್‌ಬರ್ಗ್ ಕ್ಲಬ್‌ಗೆ ಆಡಲು ಹೋಗುತ್ತಿದ್ದಳು. ತನ್ನ ದೇಶದಲ್ಲಿ ಸಿಗುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಅಲ್ಲಿ ಸಿಗುತ್ತಿತ್ತು. 2022ರ ಫೆಬ್ರವರಿಯಲ್ಲಿ ಮಾಸ್ಕೋ ವಿಮಾನ ನಿಲ್ದಾಣದಲ್ಲಿ ಬಂಧನವಾಗಿ, ಡಿಸೆಂಬರ್‌ನಲ್ಲಿ ಕೈದಿಗಳ ವಿನಿಮಯದಲ್ಲಿ ಮನೆ ಸೇರಿದಳು. ದುಡ್ಡಿಗಾಗಿ ದೂರ ಹೋಗುವವರ ಬಗ್ಗೆ ಹಗುರವಾಗಿ ಮಾತಾಡುವ ಮೊದಲು ಅವರು ಯಾಕೆ ಹೋದರು, ಹೋಗಿ ಏನು ತೆತ್ತರು ಅನ್ನೋದನ್ನೂ ಕೇಳಬೇಕು.

ಅಷ್ಟು ದೂರ ಯಾಕೆ, ನಮ್ಮವರನ್ನೇ ನೋಡಿ. 1995ರಲ್ಲಿ ಅನಿಲ್ ಕುಂಬ್ಳೆ ನಾರ್ಥಾಂಪ್ಟನ್‌ಶೈರ್ ಕೌಂಟಿಗೆ ಆಡಲು ಹೋಗಿ ಒಂದೇ ಸೀಸನ್‌ನಲ್ಲಿ 105 ವಿಕೆಟ್ ತೆಗೆದರು. ಅದೇ ವರ್ಷ ಜಾವಗಲ್ ಶ್ರೀನಾಥ್ ಗ್ಲೌಸ್ಟರ್‌ಶೈರ್‌ಗೆ 87 ವಿಕೆಟ್. ರಾಹುಲ್ ದ್ರಾವಿಡ್ 2000ದಲ್ಲಿ ಕೆಂಟ್‌ಗೆ ಆಡಿದರು, 2003ರಲ್ಲಿ ಸ್ಕಾಟ್ಲೆಂಡ್ ತಂಡದ ಅಂಗಿ ತೊಟ್ಟು ಮೂರು ಶತಕ ಹೊಡೆದರು. ಅವರನ್ನು ನಾವು ಯಾರೂ ಬಾಡಿಗೆ ಆಟಗಾರ ಅನ್ನಲಿಲ್ಲ. ಹೆಮ್ಮೆಪಟ್ಟೆವು. ನಮ್ಮವನು ಹೊರಗೆ ಹೋಗಿ ಸಂಬಳಕ್ಕೆ ಆಡಿದರೆ ಸಾಧನೆ, ಹೊರಗಿನವನು ಇಲ್ಲಿಗೆ ಬಂದು ಆಡಿದರೆ ಬಾಡಿಗೆ. ಮ್ಯಾನೇಜರ್ ಕಣ್ಣಲ್ಲೂ ಅಷ್ಟೇ: ಬೇರೆ ಕಂಪನಿ ಬಿಟ್ಟು ಅವರ ತಂಡ ಸೇರಿದಾಗ ನಾನು 'ಒಳ್ಳೆ ಹೈರ್', ಅವರನ್ನು ಬಿಟ್ಟು ಹೊರಟಾಗ 'ಇಂಪೋರ್ಟ್'.

ಇಷ್ಟಕ್ಕೇ ವಾದ ಗೆದ್ದೆ ಅಂದುಕೊಂಡು ಊರಿಗೆ ಹೋದೆ. ನಮ್ಮೂರು ಇಳಕಲ್. ಅಪ್ಪ ಕೈಮಗ್ಗದಲ್ಲಿ ಸೀರೆ ನೇಯ್ದವನು, ಈಗ ಮೊಣಕಾಲು ನೋವು ಅಂತ ಮಗ್ಗ ಬಿಟ್ಟಿದ್ದಾನೆ. ಮನೆಯಲ್ಲಿ ಕೂತರೆ ಕೆಲಸದ ಸುದ್ದಿ ಬರುತ್ತೆ ಅಂತ ಒಂದು ದಿನ ಅವನನ್ನು ಕರೆದುಕೊಂಡು ಐಹೊಳೆಗೆ ಹೋದೆ. ಹುನಗುಂದ ದಾಟಿ, ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು. ಶಾಲೆಯಲ್ಲಿದ್ದಾಗ ಪ್ರವಾಸಕ್ಕೆ ಹೋಗಿದ್ದೆ. ಆಗ ನೆನಪಿನಲ್ಲಿ ಉಳಿದದ್ದು ಬುತ್ತಿಯ ಚಪಾತಿ ಮಾತ್ರ.

ದುರ್ಗ ಗುಡಿಯ ಹುಲ್ಲಿನ ಮೇಲೆ ಅಪ್ಪ ಕಾಲು ಚಾಚಿ ಕೂತ. ನಾನು ಲಾಡ್‌ಖಾನ್ ಗುಡಿ ನೋಡಿಕೊಂಡು, ಮೇಗುತಿ ಗುಡ್ಡ ಹತ್ತಿ ಬಂದೆ. ಮೇಲೆ ರವಿಕೀರ್ತಿಯ ಶಾಸನವಿದೆ, ಕ್ರಿ.ಶ. 634ರದು. ಇಮ್ಮಡಿ ಪುಲಕೇಶಿಯ ದಿಗ್ವಿಜಯವನ್ನು ಹೊಗಳುವ ಪದ್ಯಗಳು. ಅರಸನ ಆಶ್ರಯ ಪಡೆದ ಕವಿ ಅರಸನನ್ನು ಹೊಗಳಿದ, ಕೊನೆಗೆ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೂ ಸೇರಿಸಿಕೊಂಡ. ಅಪ್ರೈಸಲ್ ಫಾರ್ಮ್ ತುಂಬುವ ನಮಗೆ ಇದು ಹೊಸದೇನಲ್ಲ!

ಆದರೆ ಐಹೊಳೆಯ ಹೆಸರನ್ನು ದೂರ ದೂರಕ್ಕೆ ಕೊಂಡೊಯ್ದವರು ಅರಸರೂ ಅಲ್ಲ, ಕವಿಗಳೂ ಅಲ್ಲ, ವ್ಯಾಪಾರಿಗಳು. ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘ. ಅಯ್ಯಾವೊಳೆ ಅಂದರೆ ಇದೇ ಐಹೊಳೆ. ಹಲವು ಶತಮಾನಗಳ ಕಾಲ ಇವರು ದಕ್ಷಿಣ ಭಾರತದ ಉದ್ದಗಲಕ್ಕೆ, ಶ್ರೀಲಂಕೆಗೆ, ಕಡಲಾಚೆಗೆ ಸರಕು ಹೊತ್ತು ಓಡಾಡಿದರು. ಸುಮಾತ್ರಾದ ಪಶ್ಚಿಮ ಕರಾವಳಿಯಲ್ಲಿ ಬಾರುಸ್ ಅಂತ ಒಂದು ಬಂದರು ಇದೆ, ಕರ್ಪೂರಕ್ಕೆ ಹೆಸರಾದದ್ದು. ಅದರ ಹತ್ತಿರದ ಲೋಬು ತುವಾದಲ್ಲಿ ಐನೂರ್ವರ ಶಾಸನ ಸಿಕ್ಕಿದೆ. ಇಸವಿ 1088. ಭಾಷೆ ತಮಿಳು.

ಈ ಕೊನೆಯ ವಿವರದಲ್ಲಿ ನಾನು ಸಿಕ್ಕಿಹಾಕಿಕೊಂಡೆ. ಕನ್ನಡ ನಾಡಿನ ಮಲಪ್ರಭೆಯ ದಂಡೆಯ ಒಂದು ಊರಿನ ಹೆಸರಿನ ಸಂಘ. ಸಾವಿರಾರು ಮೈಲಿ ಆಚೆ ಆ ಸಂಘದ ಕಲ್ಲು ತಮಿಳು ಮಾತಾಡುತ್ತಿದೆ. ತಮಿಳು ಶಾಸನಗಳಲ್ಲಿ ಈ ವರ್ತಕರು ತಮ್ಮನ್ನು ಈ ಊರಿನ ಪರಮೇಶ್ವರಿಯ ಮಕ್ಕಳು ಅಂತ ಕರೆದುಕೊಳ್ಳುವುದೂ ಉಂಟು. ಅವರಲ್ಲಿ ಎಷ್ಟೋ ಜನ ಐಹೊಳೆಯನ್ನು ಕಣ್ಣಿಂದ ಕಂಡಿರಲಿಕ್ಕಿಲ್ಲ. ಅಂಗಿಯ ಮೇಲೆ ಕಾಣದ ಊರಿನ ಹೆಸರು ಬರೆದುಕೊಂಡು ಆಡುವ ಆಟಗಾರರ ಹಾಗೆ.

ಇನ್ನೊಂದು. ಈ ವರ್ತಕರನ್ನು ಶಾಸನಗಳು ಸ್ವದೇಶಿ, ಪರದೇಶಿ, ನಾನಾದೇಶಿ ಅಂತೆಲ್ಲ ಕರೆಯುತ್ತವೆ. ಆಗ ಇವು ಮರ್ಯಾದೆಯ ಹೆಸರುಗಳು. ಈಗ ನಮ್ಮ ಕಡೆ 'ಪರದೇಶಿ' ಅಂದರೆ ಏನರ್ಥ, ನಿಮಗೂ ಗೊತ್ತು. ದಿಕ್ಕಿಲ್ಲದವನು. ಯಾವ ಊರಿಗೂ ಸೇರದವನು. "ಪರದೇಶಿ ಆಗಿ ಹೋದ" ಅಂತ ಅಜ್ಜಿ ಕಣ್ಣೀರು ಹಾಕುತ್ತಿದ್ದಳು. ಒಂದೇ ಪದ ಯಾವುದೋ ಕಾಲದಲ್ಲಿ ಬಿರುದು, ಇನ್ನಾವುದೋ ಕಾಲದಲ್ಲಿ ಬೈಗುಳ. ನಡುವೆ ಕಳೆದುಹೋದದ್ದೇನು?

ನನಗನ್ನಿಸುವುದು ಇದು. ಆ ಪರದೇಶಿಗೆ ಊರು ಬದಲಾಗುತ್ತಿತ್ತು, ಅರಸ ಬದಲಾಗುತ್ತಿದ್ದ, ಭಾಷೆ ಬದಲಾಗುತ್ತಿತ್ತು. ಬದಲಾಗದೆ ಇದ್ದದ್ದು ಒಂದು ಕಟ್ಟಳೆ. ತಾವು ವೀರಬಣಂಜು ಧರ್ಮವನ್ನು ಕಾಪಾಡುವವರು ಅಂತ ಐನೂರ್ವರು ಶಾಸನಗಳಲ್ಲಿ ಹೇಳಿಕೊಳ್ಳುತ್ತಾರೆ. ಬಣಂಜು ಅಂದರೆ ವ್ಯಾಪಾರ. ಅಪರಿಚಿತ ಊರಿನಲ್ಲಿ ಸಾಲ ಕೊಡುವವನಿಗೆ ನಿಮ್ಮ ಕುಲ, ನಿಮ್ಮ ತಾಯ್ನಾಡು ಕಟ್ಟಿಕೊಂಡು ಏನಾಗಬೇಕು? ಕೊಟ್ಟ ಮಾತಿಗೆ ನಿಲ್ಲುವ ಗುಂಪಿನವನೋ ಅಲ್ಲವೋ, ಅಷ್ಟು ಗೊತ್ತಾದರೆ ಸಾಕು. ಅದಕ್ಕೇ ಆ ಊರಿನ ಹೆಸರಿಗೆ ಅಷ್ಟು ಬೆಲೆ.

ಇಂದಿನ ಬ್ಯಾಸ್ಕೆಟ್‌ಬಾಲ್ ಆಟಗಾರರಿಗೂ ಇಂಥದೇ ಒಂದು ಬೇಕಾಯಿತು. ಅಮೆರಿಕದ ಆಟಗಾರ, ಗ್ರೀಸ್‌ನ ಕ್ಲಬ್, ಇನ್ನೆಲ್ಲಿಯದೋ ಏಜೆಂಟ್. ಕ್ಲಬ್ ಸಂಬಳ ಕೊಡದಿದ್ದರೆ, ಅಥವಾ ಆಟಗಾರ ಸೀಸನ್ ಮಧ್ಯೆ ಓಡಿಹೋದರೆ ಯಾವ ದೇಶದ ಕೋರ್ಟು? 2007ರಲ್ಲಿ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ ಒಂದು ಪಂಚಾಯಿತಿ ಮಂಡಳಿ ಮಾಡಿತು. ವಿಶೇಷ ಅಂದರೆ ಅದು ಸಾಮಾನ್ಯವಾಗಿ ಯಾವ ಒಂದು ದೇಶದ ಕಾನೂನನ್ನೂ ಹಿಡಿದು ತೀರ್ಪು ಕೊಡುವುದಿಲ್ಲ. ಯಾವುದು ನ್ಯಾಯ, ಯಾವುದು ಸರಿ ಅನ್ನೋದನ್ನು ನೋಡಿ ತೀರ್ಮಾನಿಸುತ್ತದೆ. ಒಪ್ಪಂದಕ್ಕೆ ಇಬ್ಬರೂ ನಿಲ್ಲಬೇಕು ಅನ್ನುವುದೇ ಅಲ್ಲಿ ದೊಡ್ಡ ಮಾತು. ಇಬ್ಬರೂ ಅನ್ನುವುದನ್ನು ಮರೆಯಬಾರದು. ಲಾಯಲ್ಟಿ ಬಗ್ಗೆ ಭಾಷಣ ಬಿಗಿಯುವ ಕಂಪನಿಗಳೇ ಹತ್ತು ನಿಮಿಷದ ವಿಡಿಯೋ ಕಾಲ್‌ನಲ್ಲಿ ಜನರನ್ನು ಮನೆಗೆ ಕಳಿಸುವುದನ್ನು ನಾವೆಲ್ಲ ನೋಡಿದ್ದೇವೆ.

ನಮ್ಮ ಹಳೆಗನ್ನಡದಲ್ಲಿ ಇದಕ್ಕೊಂದು ಚಂದದ ಪದ ಇದೆ: ಜೋಳದ ಪಾಳಿ. ಒಡೆಯ ಕೊಟ್ಟ ಜೋಳ ಉಂಡವನು ಹೊರಬೇಕಾದ ಋಣ. ಪಂಪಭಾರತದ ಕರ್ಣ ಅಂದರೆ ಇದೇ. ಪಾಂಡವರ ಕಡೆಗೆ ಬಾ, ನೀನೇ ಹಿರಿಯ, ರಾಜ್ಯವೇ ನಿನ್ನದು ಅಂತ ಕೃಷ್ಣ ಕರೆದಾಗ ಕರ್ಣ ಹೋಗಲಿಲ್ಲ. ಅದಕ್ಕಿಂತ ದೊಡ್ಡ ಆಫರ್ ಲೆಟರ್ ಈವರೆಗೆ ಯಾರಿಗೂ ಬಂದಿಲ್ಲ. ಕರ್ಣನ ನನ್ನಿಗೆ ನಾವೆಲ್ಲ ತಲೆಬಾಗುತ್ತೇವೆ. ಆದರೂ ನನಗೆ ಅಲ್ಲೊಂದು ತೊಡಕು ಕಾಣುತ್ತೆ. ಉಂಡ ಜೋಳಕ್ಕೆ ಯುದ್ಧ ಮಾಡಬೇಕಾದ್ದು ಸರಿ. ತುಂಬಿದ ಸಭೆಯಲ್ಲಿ ದ್ರೌಪದಿಗೆ ಆದದ್ದನ್ನು ಒಪ್ಪಿ ಮಾತಾಡುವುದೂ ಜೋಳದ ಪಾಳಿಯೇ? ಕರ್ಣ ತನ್ನ ಬಿಲ್ಲನ್ನಷ್ಟೇ ಕೊಡಲಿಲ್ಲ, ತನ್ನ ತೀರ್ಪನ್ನೂ ಒಡೆಯನ ಕೈಗೆ ಕೊಟ್ಟುಬಿಟ್ಟ. ಸಂಬಳಕ್ಕೆ ಹೋಗುವವನು ಕೊಡಬಾರದ್ದು ಅದೊಂದೇ. ಈ ಲೆಕ್ಕದಲ್ಲಿ ಬಾಡಿಗೆ ಆಟಗಾರನೇ ವಾಸಿ. ಅವನು ಆಟ ಮಾರುತ್ತಾನೆ, ಮನಸ್ಸಾಕ್ಷಿ ಮಾರುವುದಿಲ್ಲ. ಸೀಸನ್ ಎಲ್ಲಿಗೆ ಮುಗಿಯುತ್ತೆ ಅನ್ನೋದು ಅವನಿಗೂ ಗೊತ್ತು, ಅವನನ್ನು ಕರೆಸಿದವರಿಗೂ ಗೊತ್ತು.

ಇಷ್ಟನ್ನೂ ತಲೆಯಲ್ಲಿ ಜೋಡಿಸಿಕೊಂಡು ಗುಡ್ಡ ಇಳಿದು ಬಂದೆ. ಅಪ್ಪ ಕರದಂಟಿನ ಪೊಟ್ಟಣ ಬಿಚ್ಚಿ ಕೂತಿದ್ದ. ಒಂದೇ ಮಾಲೀಕನ ಹತ್ತಿರ ಜೀವನವಿಡೀ ದುಡಿದ ಮನುಷ್ಯ, ಇವನಿಗೆ ನನ್ನ ವಾದ ಹಿಡಿಸಲ್ಲ ಅಂತ ಅಂದುಕೊಂಡೇ ಕೇಳಿದೆ.

"ಅಪ್ಪಾ, ಮಾಲಕರ ಹತ್ರ ಒಟ್ಟ ಎಷ್ಟ ವರ್ಷ ದುಡದಿ ನೀ?"

"ಯಾವ ಮಾಲಕರು? ಮೂರು ಮಂದಿನ್ನ ಬದಲಿ ಮಾಡೇನಿ ನಾ."

ನನಗೆ ಇದು ಗೊತ್ತೇ ಇರಲಿಲ್ಲ. ನಾನು ಹುಟ್ಟುವ ಮೊದಲೇ ಎರಡು ಸಲ ಬದಲಾಯಿಸಿದ್ದನಂತೆ.

"ಮತ್ತ ಅವರು ಏನೂ ಅನ್ನಲಿಲ್ಲೇನು?"

"ಯಾಕ ಅಂತಾರ? ಇನ್ನೊಬ್ಬರು ಮಜೂರಿ ಹೆಚ್ಚಿಗಿ ಕೊಡತೇನಿ ಅಂದ್ರು, ಹೋದೆ. ತಗೊಂಡ ಮುಂಗಡ ತಿರುಗಿ ಕೊಟ್ಟೆ. ಮಗ್ಗದ ಮ್ಯಾಲಿನ ಸೀರಿ ನೇದು ಇಳಿಸಿದೆ. ಆಮ್ಯಾಲೆ ಹೋದೆ."

"ಸೀರಿ ಅರ್ಧಕ್ಕ ಬಿಟ್ಟು ಹೋಗಿದ್ರ?"

ಅಪ್ಪ ನನ್ನನ್ನು ಒಂಥರಾ ನೋಡಿದ. "ಅರ್ಧಕ್ಕ ಬಿಟ್ರ ಇನ್ನೊಬ್ಬರು ನೇಯಬೇಕಾಗತದಲ್ಲೋ ತಮ್ಮಾ. ಒಬ್ಬೊಬ್ಬರ ಕೈ ಒಂದೊಂದು ಥರ. ಬಟ್ಟಿಯೊಳಗ ಎದ್ದು ಕಾಣತದ. ಬೈಸಿಕೊಳ್ಳಾವ ಯಾರು? ಕೂತು ನೇದಾವ."

ಸಂಬಳ, ನೋಟಿಸ್, ಬೈಔಟ್ ಎಲ್ಲ ಸೇರಿ ಅಪ್ಪನ ಲೆಕ್ಕದಲ್ಲಿ 'ತಗೊಂಡ ಮುಂಗಡ'. ಅದು ಮಾಲೀಕನ ಬಾಕಿ, ಅದನ್ನು ನಾನು ತೀರಿಸಿದ್ದೆ. ಆದರೆ ನಾನು ಇಷ್ಟು ದಿನ ಹುಡುಕಿದ ವಾದವೆಲ್ಲ ಆ ಮಾಲೀಕನಿಗೆ ಉತ್ತರ. ಅರ್ಧ ಸೀರೆಯ ಮುಂದೆ ಕೂತವಳಿಗೆ ಅಲ್ಲ. ಫೈನಲ್ ಸೆಟಲ್‌ಮೆಂಟ್ ಹಾಳೆಯಲ್ಲಿ ಅವಳ ಹೆಸರಿಗೆ ಒಂದು ಸಾಲೂ ಇರಲಿಲ್ಲ. ಕಂಪನಿ ನನ್ನನ್ನು ನಾಳೆ ತೆಗೆದುಹಾಕಬಹುದಿತ್ತು, ಹಾಗಾಗಿ ಕಂಪನಿಗೆ ನನ್ನ ಋಣ ಇಲ್ಲ ಅನ್ನೋಣ. ಅವಳು ನನ್ನನ್ನು ಎಲ್ಲಿ ತೆಗೆದುಹಾಕುತ್ತಿದ್ದಳು?

"ಅಪ್ಪಾ, ನಮ್ಮ ಕೆಲಸದಾಗ ಮಗ್ಗದ ಮ್ಯಾಲೆ ಯಾವಾಗಲೂ ಒಂದು ಸೀರಿ ಇದ್ದ ಇರತದ. ಒಂದು ಮುಗಿಯೂದ್ರೊಳಗ ಇನ್ನೊಂದು. ಹಂಗಾದ್ರ ಯಾವಾಗ ಬಿಡೂದು?"

ಇದು ನೆಪವೂ ಹೌದು, ನಿಜವೂ ಹೌದು. ಇಳಕಲ್ ಸೀರೆಯ ರೀತಿ ಬೇರೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ ಸಿದ್ಧ ಮಾಡಿ, ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಹಾಗಾಗಿ ಒಂದೊಂದು ಸೀರೆಗೂ ಅದರದೇ ಹಾಸು. ಒಂದು ಎಲ್ಲಿ ಮುಗಿಯಿತು ಅಂತ ನೇಯುವವನಿಗೆ ಕೈಗೇ ಗೊತ್ತಾಗುತ್ತೆ. ನಮ್ಮ ಸಾಫ್ಟ್‌ವೇರ್‌ಗೆ ಸೆರಗೇ ಇಲ್ಲ. ಅದಕ್ಕೇ ಕಂಪನಿ "ಇದೊಂದು ರಿಲೀಸ್ ಮುಗಿಸಿ ಹೋಗು" ಅಂತ ಮೂರು ವರ್ಷ ಎಳೆಯಬಹುದು, ನಾವು "ಇದು ಮುಗಿಯುವಂಥದ್ದಲ್ಲ" ಅಂತ ಹದಿನೇಳು ದಿನ ಇರುವಾಗ ಎದ್ದು ಹೋಗಬಹುದು.

ಅಪ್ಪನಿಗೆ ರಿಲೀಸ್ ಗೊತ್ತಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ. "ಕುಂದ್ರೂಕಿಂತ ಮೊದಲ ಹೇಳಬೇಕಪಾ, ಇಲ್ಲಿ ತನಕ ನಂದು ಅಂತ. ಎದ್ದು ಹೋಗಾಗ ಹೇಳಿದ್ರ ಏನ್ ಬಂತು?"

ಆ ಸಂಜೆ ಬಸ್ಸಿನ ದಾರಿಯಲ್ಲಿ ಆ ಹುಡುಗಿಗೆ ಮೆಸೇಜ್ ಮಾಡಿದೆ. ಶನಿವಾರ ಭಾನುವಾರ ಖಾಲಿ ಇದ್ದೇನೆ, ಫೋನಿನಲ್ಲಿ ಕೂತು ಉಳಿದದ್ದನ್ನು ವಿವರಿಸುತ್ತೇನೆ ಅಂತ. ತಡವಾಗಿ ಉತ್ತರ ಬಂತು. "ಥ್ಯಾಂಕ್ಸ್ ಸರ್. ಹೆಚ್ಚುಕಮ್ಮಿ ಆಯ್ತು. ನಿಮ್ಮ ಕೋಡ್ ಅರ್ಥ ಆಗೋಕೇ ಒಂದು ವಾರ ಹಿಡೀತು. ಊರ ಜಾತ್ರೆಗೆ ಹೋಗೋಕೆ ಆಗ್ಲಿಲ್ಲ ಅಷ್ಟೇ. ಪರವಾಗಿಲ್ಲ."

'ಅಷ್ಟೇ' ಅನ್ನುವ ಪದವನ್ನು ನಾನು ತುಂಬ ಹೊತ್ತು ನೋಡುತ್ತಾ ಕೂತಿದ್ದೆ. ಜಾತ್ರೆ ಮುಂದಿನ ವರ್ಷವೂ ಬರುತ್ತೆ ನಿಜ. ಈ ವರ್ಷದ್ದನ್ನು ನಾನು ಯಾವ ಶನಿವಾರ ಕೂತು ವಾಪಸ್ ಕೊಡಲಿ? ಕ್ಷಮಿಸು ಅಂತ ಬರೆದೆ. ಅದಕ್ಕೂ "ಪರವಾಗಿಲ್ಲ ಸರ್" ಅಂದಳು.

ಬಾಡಿಗೆ ಆಟಗಾರ ಅನ್ನಿಸಿಕೊಳ್ಳುವುದಕ್ಕೆ ನನಗೆ ಈಗ ನಾಚಿಕೆ ಇಲ್ಲ. ಇನ್ನೊಂದು ಕಡೆ ಒಳ್ಳೆಯ ಅವಕಾಶ ಬಂದರೆ ಮತ್ತೆ ಹೋಗುತ್ತೇನೆ, ಅಪ್ಪ ಹೋದ ಹಾಗೆ. ಹೊಸ ಆಫೀಸಿಗೆ ಸೇರಿದ ಮೊದಲ ವಾರ ಹೊಸ ಮ್ಯಾನೇಜರ್ ನನ್ನ ಮುಂದೆ ಒಂದು ದೊಡ್ಡ ಪ್ರಾಜೆಕ್ಟಿನ ನಕ್ಷೆ ಹರಡಿದರು. ನಾನು ಕೇಳಿದೆ, "ಇದರಲ್ಲಿ ನನ್ನದು ಎಲ್ಲಿಗೆ ಮುಗಿಯುತ್ತೆ?" ಅವರಿಗೆ ಪ್ರಶ್ನೆ ವಿಚಿತ್ರ ಅನ್ನಿಸಿತೇನೋ. ಈಗಷ್ಟೇ ಬಂದಿದ್ದೀರಿ, ಆಗಲೇ ಹೋಗುವ ಮಾತಾ ಅಂತ ನಕ್ಕರು.

ಹೌದು ಅಂದೆ. ಹೋಗುವಾಗ ಇಳಿಸಿ ಹೋಗಬೇಕಾದ ಸೀರೆ ಯಾವುದು ಅಂತ ಈಗಲೇ ಗೊತ್ತಿರಲಿ ಅಂತ ಕೇಳಿದ್ದು. ಸೀರೆಯ ಮಾತು ಅವರಿಗೆ ಅರ್ಥವಾಗಲಿಲ್ಲ. ಇಳಕಲ್‌ನವನು ಅಂತ ಹೇಳಿದ ಮೇಲೆ, ಹೆಂಡತಿಗೊಂದು ಸೀರೆ ತರಿಸಿಕೊಡ್ತೀರಾ ಅಂತ ಕೇಳಿದರು.